ವಿಶೇಷ ಶಾಲೆಯಲ್ಲಿ ಸ್ಪೀಚ್ ಥೆರಪಿಸ್ಟ್ ಕೆಲಸ: ಅನುಭವ ಇರುವವರು ದಯವಿಟ್ಟು ಹೇಳಿ

ಪ್ರಶ್ನೆ

ಇಷ್ಟು ದಿನ ಕ್ಲಿನಿಕ್‌ನಲ್ಲಿ ಕೆಲಸ ಮಾಡಿದ್ದೇನೆ. ಉಗ್ಗು, ಉಚ್ಚಾರಣೆಯ ತೊಂದರೆ, ಮಾತು ತಡವಾದ ಪುಟ್ಟ ಮಕ್ಕಳು, ಇಂಥವರೇ ಜಾಸ್ತಿ ಬರುತ್ತಿದ್ದರು. ಈಗ ಅಂಗವಿಕಲ ಮಕ್ಕಳ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದೆ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಯ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ), ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳಿದ್ದಾರೆ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮಾತೇ ಬರುವುದಿಲ್ಲವಂತೆ. ಇಡೀ ಶಾಲೆಗೆ ಸ್ಪೀಚ್ ಥೆರಪಿಸ್ಟ್ ನಾನೊಬ್ಬಳೇ. ಎಲ್ಲಿಂದ ಶುರು ಮಾಡಲಿ?

ವಿಶೇಷ ಶಾಲೆಯ ಸ್ಪೀಚ್ ಥೆರಪಿಸ್ಟ್ ಒಬ್ಬರು

ಕ್ಲಿನಿಕ್‌ನಲ್ಲಿ ಮಗು ನಿಮ್ಮ ಹತ್ತಿರ ಬಂದು ಹೋಗುತ್ತದೆ. ಶಾಲೆಯಲ್ಲಿ ಅದು ಇಡೀ ದಿನ ಇರುತ್ತದೆ, ಇಡೀ ದಿನ ಏನೋ ಒಂದು ಹೇಳುತ್ತಲೇ ಇರುತ್ತದೆ. ನೀವು ಥೆರಪಿ ಕೋಣೆಯಲ್ಲಿ ಕಲಿಸಿದ್ದು ಆಟದ ಹೊತ್ತಿಗೆ, ಊಟದ ಹೊತ್ತಿಗೆ, ಬಾತ್‌ರೂಮಿಗೆ ಹೋಗಬೇಕಾದಾಗ ಬಳಕೆಗೆ ಬರಲಿಲ್ಲ ಅಂದರೆ ಅದು ಆ ಕೋಣೆಯಲ್ಲೇ ಉಳಿದುಬಿಡುತ್ತದೆ. ಹಾಗಾಗಿ ತರಗತಿಯೊಳಗೆ ಹೋಗಿ ಕೆಲಸ ಮಾಡಿ. ಟೀಚರ್, ಆಯಾ, ವ್ಯಾನಿನಿಂದ ಇಳಿಸಿಕೊಳ್ಳುವವರು, ಮಗುವಿನ ಜೊತೆ ನಿಮಗಿಂತ ಎಷ್ಟೋ ಜಾಸ್ತಿ ಹೊತ್ತು ಇರುವವರು ಇವರೇ. ಇವರಿಗೆ ಹೇಳಿಕೊಡುವುದು ನಿಮ್ಮ ಕೆಲಸದ ದೊಡ್ಡ ಪಾಲು.

ಮೊದಲ ಕೆಲವು ವಾರ ಸುಮ್ನೆ ಕೂತು ನೋಡಿ. ಯಾವ ಮಗು ಈಗಾಗಲೇ ಹೇಗೆ ಹೇಳುತ್ತಿದೆ ಅಂತ ಬರೆದುಕೊಳ್ಳಿ. ಬೇಡ ಅನ್ನುವಾಗ ಮುಖ ತಿರುಗಿಸುತ್ತದಾ, ಮೈ ಬಿಗಿ ಮಾಡುತ್ತದಾ, ವಸ್ತುವನ್ನು ತಳ್ಳುತ್ತದಾ? ನಮ್ಮ ಕಣ್ಣನ್ನೂ ವಸ್ತುವನ್ನೂ ಒಂದಾದ ಮೇಲೊಂದು ನೋಡುತ್ತದಾ? ಇದಕ್ಕೆ ‘ಕಮ್ಯುನಿಕೇಶನ್ ಮ್ಯಾಟ್ರಿಕ್ಸ್’ ಒಳ್ಳೆಯ ಸಾಧನ. 1990ರಲ್ಲಿ ಬಂದದ್ದು. ಇನ್ನೂ ಮಾತು ಶುರುವಾಗದ ಹಂತದಲ್ಲಿರುವವರಿಗೆಂದೇ ಮಾಡಿದ್ದು. ಅತ್ತು, ಮೈ ಬಿಗಿದು ಪ್ರತಿಕ್ರಿಯಿಸುವುದರಿಂದ ಹಿಡಿದು ಪದಗಳನ್ನು ಜೋಡಿಸುವವರೆಗೆ 7 ಹಂತ ಇವೆ. ಸಾಮಾನ್ಯ ಭಾಷಾ ಪರೀಕ್ಷೆಗಳಲ್ಲಿ ಸೊನ್ನೆ ಬರುವ ಮಗುವಿನ ಬಗ್ಗೆಯೂ ಇದರಲ್ಲಿ ಬರೆಯಲು ತುಂಬಾ ವಿಷಯ ಸಿಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಹುಡುಗನೊಬ್ಬ. ಎರಡು ಚಿತ್ರ ಹಿಡಿದು ಯಾವುದು ಬೇಕು ಅಂತ ಕೇಳಿದರೆ ಮೊದಲು ಅವನ ಕೈ ಬಿಗಿಯುತ್ತದೆ. ತಲೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ನಿಧಾನಕ್ಕೆ ತಲೆ ನೇರವಾಗುತ್ತದೆ. ಆಮೇಲೆ ಕಣ್ಣು ಒಂದು ಚಿತ್ರದ ಮೇಲೆ ಹೋಗಿ ನಿಲ್ಲುತ್ತದೆ. ತಲೆ ಹಿಂದಕ್ಕೆ ಹೋದ ಕೂಡಲೇ ಎಲ್ಲರೂ ಮತ್ತೆ ಕೇಳಿಬಿಡುತ್ತಿದ್ದರು. ಮತ್ತೆ ಕೇಳಿದರೆ ಅವನ ಮೈ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಅವನಿಗೆ ಗೊತ್ತಾಗುವುದಿಲ್ಲ ಅಂತಲೇ ಫೈಲ್‌ನಲ್ಲಿ ಬರೆದಿತ್ತು. ಒಂದು ಸಲ ಕೇಳಿ, ಚಿತ್ರ ಅಲುಗಾಡಿಸದೆ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಅಂತ ಆಯಾಗೆ ಹೇಳಿದೆವು. ಅಷ್ಟೇ ಮಾಡಿದ್ದು. ಅವನು ಆರಿಸತೊಡಗಿದ. ಹೊಸ ಮಗುವನ್ನು ನೋಡುವಾಗೆಲ್ಲ ನಾನು ಮೊದಲು ಕಾಯುವ ಸಮಯವನ್ನೇ ಪರೀಕ್ಷಿಸುತ್ತೇನೆ.

ಮಗು ಮುಟ್ಟಿಯೋ ನೋಡಿಯೋ ಹೇಳಬೇಕಾದ್ದನ್ನು ಆರಿಸುವ ಚಿತ್ರ, ಪದಗಳ ಬೋರ್ಡ್ ಮುಂದಿಡುವ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಮಾತಾಡಿ. ಸೊಂಟ ಹಿಂದಕ್ಕೆ ಕೂತು, ಪಾದಕ್ಕೆ ಆಸರೆ ಸಿಕ್ಕಿದರೆ ಕೈಯೂ ಕಣ್ಣೂ ಹಿಡಿತಕ್ಕೆ ಬರುತ್ತವೆ. ಬೀಳದಂತೆ ಕೂರುವುದಕ್ಕೇ ಪೂರ್ತಿ ಶಕ್ತಿ ಹೋಗುತ್ತಿದ್ದರೆ ಮಗು ಚಿತ್ರ ಎಲ್ಲಿಂದ ನೋಡಬೇಕು?

ಇನ್ನು ಬೋರ್ಡ್‌ನಲ್ಲಿ ಏನಿರಬೇಕು ಅನ್ನುವ ವಿಷಯ. ಇದರ ಬಗ್ಗೆ ನನಗೆ ಖಚಿತ ಅಭಿಪ್ರಾಯ ಇದೆ. ತುಂಬಾ ಕಡೆ ಬೋರ್ಡ್ ತುಂಬ ವಸ್ತುಗಳ ಹೆಸರೇ ಇರುತ್ತವೆ. ಚೆಂಡು, ನೀರು, ಕಾರು. ಅದರಿಂದ ಮಗು ಏನಾದರೂ ಕೇಳಬಹುದು, ಅಷ್ಟೇ. ಬೇಡ, ಸಾಕು, ಇನ್ನೂ, ನಿಲ್ಲಿಸು, ನೋಡು, ನಾನು, ಏನು, ನೋವು, ಇಂಥ ಪದ ಮೊದಲು ಹಾಕಿ. ನಾವು ದಿನವಿಡೀ ಆಡುವ ಮಾತಿನ ಹೆಚ್ಚಿನ ಭಾಗ ಇಂಥ ಕೆಲವೇ ನೂರು ಪದಗಳಿಂದ ಆಗಿರುತ್ತದೆ. ಅದರಲ್ಲೂ ‘ಬೇಡ’ ಇಲ್ಲದ ಬೋರ್ಡ್ ಯಾವ ಮಗುವಿಗೂ ಕೊಡಬೇಡಿ. ಮೈ ಮುಟ್ಟಿ ಬಟ್ಟೆ ಬದಲಾಯಿಸುವವರು ದಿನಕ್ಕೆ ಎಷ್ಟೋ ಜನ ಇರುವ ಮಗುವಿಗೆ ಬೇಡ, ನೋವು ಅನ್ನುವ ಮಾತು ಅದರ ಸುರಕ್ಷತೆಯ ಪ್ರಶ್ನೆ. ಮೈಯ ಭಾಗಗಳ ಹೆಸರೂ ಇರಲಿ. ಕೆಲವರಿಗೆ ಮುಜುಗರ ಆಗುತ್ತದೆ, ಆದರೂ ಬಿಡಬೇಡಿ.

ಕಲಿಸುವ ರೀತಿ ಅಂದರೆ ನಾವೇ ಬಳಸಿ ತೋರಿಸುವುದು. ‘ಇನ್ನೂ ಬೇಕಾ?’ ಅಂತ ಬಾಯಲ್ಲಿ ಹೇಳುತ್ತಾ ಬೋರ್ಡ್‌ನಲ್ಲಿ ‘ಇನ್ನೂ’ ಮುಟ್ಟುವುದು. ಮಗು ಮುಟ್ಟಲೇಬೇಕು ಅಂತ ಒತ್ತಾಯ ಬೇಡ, ಕೈ ಹಿಡಿದು ಮುಟ್ಟಿಸುವುದೂ ಬೇಡ. ತಿಂಗಳುಗಟ್ಟಲೆ ಬರೀ ತೋರಿಸುವುದೇ ಆಗಬಹುದು. ಶುರುವಿಗೆ ಕಾಗದದ ಬೋರ್ಡ್ ಸಾಕು. ಆರಿಸಿದ ಪದವನ್ನು ಗಟ್ಟಿಯಾಗಿ ಹೇಳುವ ಯಂತ್ರ ಬಂದ ಮೇಲೂ ಕಾಗದದ್ದನ್ನು ಎಸೆಯಬೇಡಿ, ಚಾರ್ಜ್ ಮುಗಿದ ದಿನ ಬೇಕಾಗುತ್ತದೆ.

ಬೋರ್ಡ್ ಕೊಟ್ಟರೆ ಇರುವ ಮಾತೂ ನಿಂತುಹೋಗುತ್ತಾ ಅಂತ ಪೋಷಕರು ಕೇಳಿಯೇ ಕೇಳುತ್ತಾರೆ. 2006ರಲ್ಲಿ ಮಿಲ್ಲರ್, ಲೈಟ್ ಮತ್ತು ಶ್ಲಾಸರ್ ಎಂಬ ಸಂಶೋಧಕರು ಇದರ ಬಗ್ಗೆ ಹಿಂದೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಗಟ್ಟಿ ಪುರಾವೆ ಇದ್ದ 27 ಜನರಲ್ಲಿ ಒಬ್ಬರಿಗೂ ಮಾತು ಕಡಿಮೆಯಾಗಿರಲಿಲ್ಲ. ಶೇ. 89ರಷ್ಟು ಜನರಲ್ಲಿ ಸ್ವಲ್ಪವಾದರೂ ಹೆಚ್ಚಿತ್ತು. ದೊಡ್ಡ ಹೆಚ್ಚಳ ಏನಲ್ಲ, ಅದನ್ನೂ ಪೋಷಕರಿಗೆ ಹೇಳಿ. ಬೋರ್ಡ್‌ನಿಂದ ಮಾತು ಬಂದೇ ಬರುತ್ತದೆ ಅಂತ ಆಸೆ ಹುಟ್ಟಿಸಬಾರದು.

ನುಂಗುವ ತೊಂದರೆಗಳಲ್ಲಿ ಹೆಚ್ಚು ಕೆಲಸ ಮಾಡಿದವರು

ಮೇಲಿನವರು ಊಟದ ವಿಷಯ ಬಿಟ್ಟಿದ್ದಾರೆ. ನಿಮ್ಮ ಶಾಲೆಯಲ್ಲಿ ಜೀವಕ್ಕೆ ಅಪಾಯ ಇರುವ ಹೊತ್ತು ಅಂದರೆ ಅದೇ. ಮೊದಲ ವಾರವೇ ಊಟದ ಹೊತ್ತಿಗೆ ಹೋಗಿ ನಿಲ್ಲಿ.

ಏನು ನೋಡಬೇಕು? ಕುಡಿದ ಮೇಲೆ ಧ್ವನಿ ಒದ್ದೆಯಾದ ಹಾಗೆ ಗೊರಗೊರ ಅನ್ನುತ್ತದಾ, ಕೆಮ್ಮು ಬರುತ್ತದಾ, ಕಣ್ಣಲ್ಲಿ ನೀರು ತುಂಬುತ್ತದಾ, ಉಸಿರಾಟ ಬದಲಾಗುತ್ತದಾ? ಪದೇ ಪದೇ ಎದೆಯ ಸೋಂಕು, ತೂಕ ಏರದೇ ಇರುವುದು, ಇವನ್ನು ಪೋಷಕರ ಹತ್ತಿರ ಕೇಳಿ. ಕೆಮ್ಮಿಲ್ಲ ಅಂದ ಮಾತ್ರಕ್ಕೆ ಸರಿ ಇದೆ ಅಂದುಕೊಳ್ಳಬೇಡಿ. ಆಹಾರ ಶ್ವಾಸನಾಳಕ್ಕೆ ಹೋದರೂ ಕೆಮ್ಮದ ಮಕ್ಕಳಿದ್ದಾರೆ. ಅದನ್ನು ಪಕ್ಕದಲ್ಲಿ ಕೂತು ಕಂಡುಹಿಡಿಯಲು ಆಗುವುದಿಲ್ಲ, ವಿಡಿಯೋಫ್ಲೂರೋಸ್ಕೋಪಿಯಂಥ (ನುಂಗುವುದನ್ನು ಎಕ್ಸ್‌ರೇ ವಿಡಿಯೋದಲ್ಲಿ ನೋಡುವ) ಪರೀಕ್ಷೆ ಬೇಕು. ಅನುಮಾನ ಬಂದರೆ ವೈದ್ಯರಿಗೆ ಕಳುಹಿಸಿ, ಒಬ್ಬರೇ ತೀರ್ಮಾನ ಮಾಡಬೇಡಿ.

ಆಯಾಗಳಿಗೆ ಮೊದಲು ಹೇಳಬೇಕಾದದ್ದು, ತಲೆ ಹಿಂದಕ್ಕೆ ವಾಲಿಸಿ ಬಾಯಿಗೆ ಸುರಿಯಬಾರದು. ನಿಂತು ತಿನ್ನಿಸಿದರೆ ಮಗು ಮೇಲೆ ನೋಡುತ್ತದೆ, ತಲೆ ತಾನೇ ಹಿಂದಕ್ಕೆ ಹೋಗುತ್ತದೆ. ಕುರ್ಚಿ ಎಳೆದುಕೊಂಡು ಮಗುವಿನ ಕಣ್ಣಿನ ಮಟ್ಟದಲ್ಲಿ ಕೂರಬೇಕು. ಮೊದಲ ತುತ್ತು ನುಂಗಿದ್ದು ಗೊತ್ತಾದ ಮೇಲೇ ಮುಂದಿನದು. ಆಹಾರ ಎಷ್ಟು ಮೆತ್ತಗೆ, ಪಾನೀಯ ಎಷ್ಟು ಗಟ್ಟಿ ಅನ್ನುವುದಕ್ಕೆ ಐಡಿಡಿಎಸ್‌ಐ (ನುಂಗುವ ತೊಂದರೆ ಇರುವವರ ಆಹಾರ, ಪಾನೀಯಕ್ಕೆ ಇರುವ ಅಂತರರಾಷ್ಟ್ರೀಯ ಅಳತೆ) ಮಟ್ಟಗಳನ್ನೇ ಬಳಸಿ. 0ಯಿಂದ 7ರವರೆಗೆ ಇವೆ, ಪಾನೀಯಕ್ಕೆ 0ಯಿಂದ 4, ಆಹಾರಕ್ಕೆ 3ರಿಂದ 7. ‘ಸ್ವಲ್ಪ ಗಟ್ಟಿ’ ಅಂತ ಬರೆದರೆ ಒಬ್ಬೊಬ್ಬರು ಒಂದೊಂದು ಥರ ಮಾಡುತ್ತಾರೆ. ಮಗುವಿನ ಫೋಟೋ, ಮಟ್ಟದ ಸಂಖ್ಯೆ, ಕೂರಿಸುವ ರೀತಿ, ಇಷ್ಟನ್ನು ಒಂದು ಕಾರ್ಡ್‌ನಲ್ಲಿ ಬರೆದು ತಿನ್ನಿಸುವವರ ಕೈಗೆ ಸಿಗುವ ಹಾಗೆ ಇಡಿ.

ವಿಶೇಷ ಶಿಕ್ಷಕಿ

ನಾನು ಥೆರಪಿಸ್ಟ್ ಅಲ್ಲ, ತರಗತಿಯ ಕಡೆಯಿಂದ ಹೇಳುತ್ತೇನೆ. ದಯವಿಟ್ಟು ಹತ್ತು ಗುರಿಗಳ ಪಟ್ಟಿ ಕೊಟ್ಟು ಹೋಗಬೇಡಿ. ಒಂದು ಮಗುವಿಗೆ ಒಂದು ಗುರಿ ಹೇಳಿ, ಅದನ್ನು ದಿನದ ಯಾವ ಹೊತ್ತಿಗೆ ಮಾಡಬೇಕು ಅಂತ ಹೇಳಿ, ನಮ್ಮೆದುರಿಗೆ ನೀವೇ ಒಮ್ಮೆ ಮಾಡಿ ತೋರಿಸಿ. ತರಗತಿ ತುಂಬ ಮಕ್ಕಳಿರುವಾಗ ಮಾಡಿ ತೋರಿಸಿ, ಖಾಲಿ ಕೋಣೆಯಲ್ಲಿ ಆಗುವುದೆಲ್ಲ ಇಲ್ಲಿ ಆಗುವುದಿಲ್ಲ.

ಕಚ್ಚುವ, ಕಿರುಚುವ ಮಕ್ಕಳ ವಿಷಯದಲ್ಲೂ ನೀವು ಬೇಕು. ನಮ್ಮಲ್ಲಿ ಆಟಿಸಂ ಇರುವ ಹುಡುಗಿಯೊಬ್ಬಳು ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಹೋಗುವಾಗೆಲ್ಲ ಕೈ ಕಚ್ಚಿಕೊಳ್ಳುತ್ತಿದ್ದಳು. ಮುಂದೇನು ಅಂತ ಚಿತ್ರದ ಪಟ್ಟಿ ಹಾಕಿ, ‘ಸ್ವಲ್ಪ ಬಿಡುವು ಬೇಕು’ ಅನ್ನುವ ಕಾರ್ಡ್ ಕೊಟ್ಟೆವು. ಶುರುವಿನಲ್ಲಿ ಅವಳು ಕಾರ್ಡ್ ಕೊಟ್ಟಾಗೆಲ್ಲ ಬಿಡುವು ಕೊಡಬೇಕು ಅಂತ ಥೆರಪಿಸ್ಟ್ ಹೇಳಿದ್ದರು. ಪಾಠ ನಿಲ್ಲುತ್ತದಲ್ಲ ಅಂತ ನನಗೆ ಅನ್ನಿಸಿತ್ತು. ಆದರೆ ಕಾರ್ಡ್ ಕೆಲಸ ಮಾಡುತ್ತದೆ ಅಂತ ನಂಬಿಕೆ ಬಂದ ಮೇಲೇ ಅವಳು ಕಚ್ಚಿಕೊಳ್ಳುವುದು ಕಡಿಮೆಯಾಯಿತು. ಕಾಯುವುದನ್ನು ಆಮೇಲೆ ಕಲಿಸಿದೆವು.

ಒಬ್ಬ ತಾಯಿ

ನನ್ನ ಮಗಳಿಗೆ ರೆಟ್ ಸಿಂಡ್ರೋಮ್, ಮೆದುಳಿನ ಬೆಳವಣಿಗೆಯ ಅಪರೂಪದ ತೊಂದರೆ. ಕೈ ಅವಳ ಮಾತು ಕೇಳುವುದಿಲ್ಲ, ಕಣ್ಣಿನಿಂದಲೇ ಹೇಳುತ್ತಾಳೆ. ನನ್ನ ಕೋರಿಕೆ ಎರಡು. ಶಾಲೆಯಲ್ಲಿ ಬಳಸುವ ಬೋರ್ಡ್ ಅಥವಾ ಯಂತ್ರ ಪ್ರತಿದಿನ ಮನೆಗೆ ಬರಲಿ. ರಜೆಯಲ್ಲಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ನಮ್ಮ ಮಕ್ಕಳ ಬಾಯಿಗೇ ಬೀಗ ಹಾಕಿದ ಹಾಗೆ. ಎರಡನೆಯದು, ಮೊದಲ ಭೇಟಿಯಲ್ಲೇ ನಮ್ಮನ್ನು ಕೇಳಿ. ನೋವಾದಾಗ ಹೇಗೆ ಮಾಡುತ್ತಾಳೆ, ಬೇಜಾರಾದಾಗ ಹೇಗೆ ಮಾಡುತ್ತಾಳೆ ಅಂತ ನಮಗೆ ಗೊತ್ತಿರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೆರಡು ಕೇಳಬೇಕು. ಆ ಶಾಲೆಯಲ್ಲಿ ಒಬ್ಬರು ಮಗುವಿನ ಮೊಣಕೈ ಹಿಡಿದುಕೊಂಡು ಕೀಬೋರ್ಡ್‌ನಲ್ಲಿ ಟೈಪ್ ಮಾಡಿಸುತ್ತಾರೆ. ಉದ್ದುದ್ದ ವಾಕ್ಯ ಬರುತ್ತವೆ. ಇದು ಸರಿಯಾ? ಇನ್ನೊಂದು, ಇಷ್ಟು ಮಕ್ಕಳಿಗೆ ಒಬ್ಬಳೇ ಸಮಯ ಹಂಚುವುದು ಹೇಗೆ?

ವಿಶೇಷ ಶಾಲೆಯ ಸ್ಪೀಚ್ ಥೆರಪಿಸ್ಟ್

ಅದು ಫೆಸಿಲಿಟೇಟೆಡ್ ಕಮ್ಯುನಿಕೇಶನ್. ಮಾಡಬಾರದು. ಮಗುವಿಗೆ ಒಂದು ಚಿತ್ರ, ಕೈ ಹಿಡಿದವರಿಗೆ ಇನ್ನೊಂದು ಚಿತ್ರ ತೋರಿಸಿ ಪರೀಕ್ಷೆ ಮಾಡಿದಾಗ, ಟೈಪ್ ಆದದ್ದು ಕೈ ಹಿಡಿದವರು ನೋಡಿದ ಚಿತ್ರದ ಹೆಸರು. ಅವರು ಬೇಕಂತ ಮಾಡುತ್ತಿರಲಿಲ್ಲ, ಅವರಿಗೇ ಗೊತ್ತಾಗದಂತೆ ಆಗುತ್ತಿತ್ತು. ಅಮೆರಿಕನ್ ಸ್ಪೀಚ್ ಲ್ಯಾಂಗ್ವೇಜ್ ಹಿಯರಿಂಗ್ ಅಸೋಸಿಯೇಷನ್ 2018ರಲ್ಲಿ ಇದನ್ನು ಬಳಸಬೇಡಿ ಅಂತ ಸ್ಪಷ್ಟವಾಗಿ ಹೇಳಿದೆ. ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಆ ಮಗುವನ್ನು ನೀವೇ ಮೊದಲು ತೆಗೆದುಕೊಳ್ಳಿ. ಕಣ್ಣು, ಒತ್ತಿ ಆರಿಸುವ ಸ್ವಿಚ್, ತಲೆಯ ಚಲನೆ, ಯಾರೂ ಮುಟ್ಟದೆ ಮಗು ತಾನೇ ಮಾಡಬಲ್ಲದ್ದು ಯಾವುದು ಅಂತ ಹುಡುಕಿ. ಪೋಷಕರು ಆ ವಾಕ್ಯಗಳನ್ನು ನಂಬಿ ಕೂತಿರುತ್ತಾರೆ, ಅವರ ಹತ್ತಿರ ತುಂಬಾ ಮೆತ್ತಗೆ ಮಾತಾಡಬೇಕು.

ಸಮಯದ ವಿಷಯ. ಎಲ್ಲರಿಗೂ ಸಮವಾಗಿ ಹಂಚಲು ಹೋದರೆ ಯಾರಿಗೂ ಸಾಲುವುದಿಲ್ಲ. ನುಂಗುವ ತೊಂದರೆ ಇರುವವರು ಮೊದಲು. ಆಮೇಲೆ, ಏನನ್ನೂ ಹೇಳಲು ಯಾವ ದಾರಿಯೂ ಇಲ್ಲದವರು. ಆಮೇಲೆ, ಶಾಲೆ ಬಿಡುವ ವಯಸ್ಸಿಗೆ ಬಂದವರು. ಉಚ್ಚಾರಣೆ ತಿದ್ದುವುದು ಕಾಯಬಹುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಕಿವಿ ಪರೀಕ್ಷೆ ಆಗಿದೆಯಾ ಅಂತ ಮಾತ್ರ ಈಗಲೇ ನೋಡಿ. ಕಿವಿಯೊಳಗೆ ದ್ರವ ನಿಂತು ಕೇಳಿಸದೇ ಇರುವುದು ಅವರಲ್ಲಿ ತುಂಬಾ ಸಾಮಾನ್ಯ.

ಶಾಲೆ ಬಿಡುವವರಿಗೆ ಒಂದು ಪುಟ್ಟ ಕಮ್ಯುನಿಕೇಶನ್ ಪಾಸ್‌ಪೋರ್ಟ್ ಮಾಡಿಕೊಡಿ. ‘ನಾನು ಹೌದು ಅನ್ನುವುದು ಹೀಗೆ, ಬೇಡ ಅನ್ನುವುದು ಹೀಗೆ, ನನಗೆ ಇಷ್ಟು ಹೊತ್ತು ಕಾಯಿರಿ, ನನಗೆ ನೋವಾದರೆ ಹೀಗೆ ಮಾಡುತ್ತೇನೆ.’ ಮಗುವಿನ ದನಿಯಲ್ಲೇ, ಫೋಟೋ ಸಮೇತ, ಎರಡು ಮೂರು ಪುಟ ಸಾಕು. ಮಗುವನ್ನೂ ಮನೆಯವರನ್ನೂ ಕೂರಿಸಿಕೊಂಡೇ ಬರೆಯಿರಿ. ಕೊನೆಯ ವರ್ಷದ ಮೊದಲ ತಿಂಗಳಲ್ಲೇ ಶುರು ಮಾಡಿ.