ಲೀಡ್ಸ್‌ದಾಗ ಕೆಲಸ, ಮನಿ ಯಾವ ಊರಾಗ ಮಾಡ್ಬೇಕು? ಹಾಡು, ನಾಟ್ಕ, ರೈಲು ಮೂರೂ ಇರೋ ಊರು ಹೇಳ್ರಿ

ಜೋಳದ_ತೆನಿ (ಕಲಬುರಗಿ)

ಎಲ್ಲರಿಗೂ ಶರಣು. ನಾವು ಕಲಬುರಗಿಯವ್ರು, ಶರಣಬಸವೇಶ್ವರ ಗುಡಿ ಹತ್ರಾನೇ ಮನಿ. ನಮ್ಮನಿಯವ್ರಿಗೆ ಇಂಗ್ಲೆಂಡಿನ ಲೀಡ್ಸ್‌ದಾಗ ಸಾಫ್ಟ್‌ವೇರ್ ಕೆಲಸ ಸಿಕ್ಕದ, ವಾರಕ್ಕ ಎರಡು ದಿನ ಆಫೀಸಿಗೆ ಹೋದ್ರ ಸಾಕು, ಉಳಿದ ದಿನ ಮನಿಯಿಂದಾನೇ ಕೆಲಸ. ಅಂದ್ರ ಲೀಡ್ಸ್‌ದಾಗೇ ಇರ್ಬೇಕಂತೇನಿಲ್ಲ, ಸುತ್ತ ಒಂದು ತಾಸಿನ ದಾರ್ಯಾಗ ಯಾವ ಊರಾದ್ರೂ ನಡೀತದ. ಯಾವ್ದು ಅಂತಾನೇ ತಿಳೀವಲ್ದು.

ನಾನು ಮನ್ಯಾಗ ಹಿಂದೂಸ್ತಾನಿ ಗಾಯನ ಕಲಿಸ್ತೀನಿ, 20 ಮಂದಿ ಹುಡುಗ್ರು ಬರ್ತಾರ, ಅವ್ರನ್ನ ಬಿಟ್ಟು ಹೋಗೋದೇ ನನಗ ದೊಡ್ಡ ಸಂಕಟ. ಮಗಳಿಗೆ 9 ವರ್ಷ, ತಬಲಾ ಕಲೀಲಿಕತ್ತಾಳ. ದೊಡ್ಡ ಸಿಟಿ ಬ್ಯಾಡ, ಬೆಂಗಳೂರಾಗ 6 ವರ್ಷ ಇದ್ದು ಸಾಕಾಗಿ ವಾಪಸ್ ಬಂದವ್ರು ನಾವು. ಹಂಗಂತ ಸಂಜಿ ಏಳಕ್ಕ ಬಾಗ್ಲಾ ಹಾಕ್ಕೊಂಡು ಕೂಡೋ ಊರೂ ಬ್ಯಾಡ. ಇಲ್ಲಿ ಪಂಡಿತ ರಂಗಮಂದಿರದಾಗ ಏನರ ಕಾರ್ಯಕ್ರಮ ಇತ್ತಂದ್ರ ಮನಿಯಿಂದ ಆಟೋ ಹತ್ತಿ ಹೋಗಿ ಪೂರ್ತಿ ಕೇಳಿ ರಾತ್ರಿ ಹತ್ತರ ಒಳಗ ಮನ್ಯಾಗ ಇರ್ತೀವಿ, ಅಷ್ಟು ಇದ್ರ ನನಗ ಸಾಕು. ಫೋಟೋ ನೋಡಿ ಹೆಬ್ಡನ್ ಬ್ರಿಜ್ ಅನ್ನೋ ಊರು ಮನಸ್ಸಿಗೆ ಭಾಳ ಹಿಡಿಸ್ಯಾದ, ನಮ್ಮನಿಯವ್ರು ಯಾರ್ಕ್ ಅಂತಾರ. ಮಾವನವ್ರು ಜೇವರ್ಗಿಯಿಂದ ವರ್ಷಕ್ಕೊಮ್ಮಿ ಬಂದು ಹೋಗ್ಬೇಕು, ಅವ್ರಿಗೆ ಮೊಣಕಾಲು ನೋವು. ಅಲ್ಲಿ ಇದ್ದವ್ರು, ಇದ್ದು ಬಂದವ್ರು ದಯವಿಟ್ಟು ಹೇಳ್ರಿ.

ಬಸವಕಲ್ಯಾಣದವ (ಬೀದರ್, ಈಗ ಶಿಪ್ಲೀ)

ಅಕ್ಕಾವ್ರೆ ಶರಣು. ನಾನು 2017ರಿಂದ ಈ ಕಡೀನೇ ಇದ್ದೀನಿ. ಊರು ಎಷ್ಟು ಚಂದ ಅದ ಅನ್ನೋದು ಆಮ್ಯಾಲ, ಮೊದಲ ರೈಲಿನ ಟೈಮ್ ನೋಡ್ರಿ, ಅದ್ರಾಗೂ ರಾತ್ರಿ ರೈಲು. ಮುಂಜಾನಿ ಲೀಡ್ಸಿಗೆ ಹೋಗ್ಲಿಕ್ಕ ಎಲ್ಲಾ ಕಡಿಯಿಂದ ಗಾಡಿ ಅವ, ಎಲ್ಲಾ ಮನಿ ಏಜೆಂಟರೂ ಅದನ್ನೇ ಹೇಳ್ತಾರ. ಕಛೇರಿ ಮುಗಿಯೋದು ರಾತ್ರಿ ಹತ್ತರ ಮ್ಯಾಲ, ಆಗ ಮನಿಗೆ ಹೆಂಗ ಬರ್ತೀರಿ ಅಂತ ಯಾರೂ ಹೇಳಂಗಿಲ್ಲ. ನಾ ಬಂದ ಹೊಸದಾಗ ಒಂದು ಹಳ್ಯಾಗ ಮನಿ ಹಿಡಿದಿದ್ದೆ, ಕಲ್ಲಿನ ಮನಿ, ಕಿಟಕಿ ತೆಗದ್ರ ಹಸರು ಗುಡ್ಡ, ಕುರಿ, ಸ್ವರ್ಗ ಅನಿಸ್ತಿತ್ತು, ಆದ್ರ ಆ ಊರಿಗೆ ಸಂಜಿ ಏಳರ ಮ್ಯಾಲ ಬಸ್ ಇರ್ಲಿಲ್ಲ. ಎರಡು ವರ್ಷ ಲೀಡ್ಸ್ ಪಕ್ಕಾನೇ ಇದ್ದೆ, ಒಂದೂ ಕಛೇರಿ ಕಡೀತನಕ ಕೇಳ್ಲಿಲ್ಲ. ಒಮ್ಮಿ ಸಂತೂರ್ ಕಛೇರ್ಯಾಗ ಝಾಲಾ, ಅಂದ್ರ ಕಡೀ ಜೋರಿನ ಭಾಗ, ಶುರುವಾಗೋ ಹೊತ್ತಿಗೆ ಎದ್ದು ಬಂದೀನಿ, ಅದು ಇವತ್ತಿಗೂ ಮನಸ್ಸಿನ್ಯಾಗ ಚುಚ್ಚತದ.

ಹೆಬ್ಡನ್ ಬ್ರಿಜ್ ಕೆಟ್ಟ ಊರಲ್ಲ, ಖರೇ ಹೇಳ್ಬೇಕಂದ್ರ ಅಷ್ಟು ಸಣ್ಣ ಊರಾಗ ಅಷ್ಟು ಕಲಾವಿದ್ರು, ಬರಿಯೋರು ಇರೋದು ನಾ ಬ್ಯಾರೆ ಕಡಿ ನೋಡಿಲ್ಲ. 1921ರ ಸಿನಿಮಾ ಥಿಯೇಟರ್ ಇನ್ನೂ ನಡೀತದ, ಲೀಡ್ಸ್-ಮ್ಯಾಂಚೆಸ್ಟರ್ ನಡುವಿನ ಲೈನಿನ ಮ್ಯಾಲೇ ಅದ, ಎರಡೂ ಕಡಿ ಒಂದು ತಾಸಿನ ಒಳಗ ಮುಟ್ಟತೀರಿ. ಆದ್ರ ಊರು ಕಿರಿದಾದ ಕಣಿವ್ಯಾಗ ಅದ. ಮ್ಯಾಲಿನ ಗುಡ್ಡದ ನೀರೆಲ್ಲಾ ಕಾಲ್ಡರ್ ಹೊಳಿಗೇ ಇಳೀತದ, 2015ರ ಡಿಸೆಂಬರ್ 26ಕ್ಕ ಊರ ನಡುವಿನ ಅಂಗಡಿ, ಮನಿ ಎಲ್ಲಾ ನೀರಾಗ ನಿಂತಿದ್ವು, 2020ರ ಫೆಬ್ರವರಿದಾಗ ಮತ್ತ ಬಂತು. ನೀರು ಬರದಿರೋ ಮನಿ ಬೇಕಂದ್ರ ಗುಡ್ಡ ಹತ್ಬೇಕು, ಅಲ್ಲಿ ಏರು ಎಷ್ಟಂದ್ರ ಒಂದು ಮನಿ ಮ್ಯಾಲ ಇನ್ನೊಂದು ಮನಿ ಕಟ್ಟ್ಯಾರ, ಕೆಳಗಿನ ಮನಿಗೆ ಒಂದು ಓಣಿಯಿಂದ ಬಾಗ್ಲಾ, ಮ್ಯಾಲಿನ ಮನಿಗೆ ಹಿಂದಿನ ಓಣಿಯಿಂದ ಬಾಗ್ಲಾ. ಮೊಣಕಾಲು ನೋವಿನ ಮಾವನವ್ರನ್ನ ಅಲ್ಲಿ ಕರಕೊಂಡು ಹೋಗಬ್ಯಾಡ್ರಿ. ಯಾವ ಊರು ನೋಡಿದ್ರೂ ಆ ಮನಿಯ ಪೋಸ್ಟ್‌ಕೋಡ್ ಹಾಕಿ ಸರ್ಕಾರದ ವೆಬ್‌ಸೈಟ್‌ದಾಗ ಪ್ರವಾಹದ ಅಪಾಯ ನೋಡ್ಕೊಳ್ರಿ, ಪುಕ್ಕಟೆ ಅದ.

ನಾನಂತೂ ಸಾಲ್ಟೇರ್, ಇಲ್ಲಾ ಪಕ್ಕದ ಶಿಪ್ಲೀ ಅಂತೀನಿ. ಸಾಲ್ಟೇರ್‌ನಿಂದ ಲೀಡ್ಸಿಗೆ ರೈಲಿನ್ಯಾಗ ಕಾಲು ತಾಸು, ಇನ್ನೊಂದು ಕಡಿ ಬ್ರಾಡ್‌ಫೋರ್ಡ್ ಸಿಟಿಗೆ 10 ನಿಮಿಷ. ಟೈಟಸ್ ಸಾಲ್ಟ್ ಅನ್ನೋ ಬಟ್ಟಿ ಮಿಲ್ ಮಾಲೀಕ ಬ್ರಾಡ್‌ಫೋರ್ಡಿನ ಹೊಗಿ ಬಿಟ್ಟು ಹೊರಗ ಬಂದು 1853ರಾಗ ದೊಡ್ಡ ಮಿಲ್ ತೆರದ, ಸುತ್ತ ಕೆಲಸಗಾರರಿಗೆ ಮನಿ, ಸಾಲಿ, ದವಾಖಾನಿ, ಓದೋ ಮನಿ ಎಲ್ಲಾ ಕಟ್ಟಿಸಿದ, 2001ರಿಂದ ಅದು ಯುನೆಸ್ಕೋ ವಿಶ್ವ ಪರಂಪರೆ ತಾಣ. 1986ರಾಗ ಮಿಲ್ ಬಂದ್ ಆಯ್ತು, ಮರು ವರ್ಷಾನೇ ಒಬ್ರು ಕೊಂಡು ಒಳಗ ಡೇವಿಡ್ ಹಾಕ್ನಿ ಚಿತ್ರಗಳ ಗ್ಯಾಲರಿ, ದೊಡ್ಡ ಪುಸ್ತಕದಂಗಡಿ ಮಾಡಿದ್ರು, ಹಾಕ್ನಿ ಹುಟ್ಟಿದ್ದು ಬ್ರಾಡ್‌ಫೋರ್ಡ್‌ದಾಗೇ. ನಾ ಮೊದಲ ಸಲ ಆ ಮಿಲ್ಲಿನ ಒಳಗ ಹೋದಾಗ ನಮ್ಮ ಕಲಬುರಗಿ ಎಂಎಸ್‌ಕೆ ಮಿಲ್ ನೆನಪಾಗಿ ಹೊಟ್ಟಿ ಉರೀತು. ನಮ್ಮಲ್ಲೂ ಮಿಲ್ ಬಂದ್ ಆದ ಮ್ಯಾಲ ಹಿಂಗ ಏನರ ಮಾಡಿದ್ರ ಎಷ್ಟು ಚಂದ ಇರ್ತಿತ್ತು.

ಇಲ್ಕ್ಲಿಯಲ್ಲಿ_ಕಲಬುರಗಿ_ಅಕ್ಕ (ಈಗ ಇಲ್ಕ್ಲಿ)

ತಂಗಿ, ಮಗಳ ಸಾಲಿ ಬಗ್ಗೆ ನೀ ಕೇಳೇ ಇಲ್ಲ, ಅದನ್ನ ನಾ ಹೇಳ್ತೀನಿ. ಇಲ್ಲಿ 11ಕ್ಕ ಹೈಸ್ಕೂಲ್ ಶುರು, ಅದಕ್ಕ ಅರ್ಜಿ ಹಾಕ್ಲಿಕ್ಕ ಹಿಂದಿನ ವರ್ಷ ಅಕ್ಟೋಬರ್ 31 ಕಡೀ ದಿನ, ನಿನ್ನ ಮಗಳಿಗೆ ಅದು ಭಾಳ ದೂರಿಲ್ಲ. ಸರ್ಕಾರಿ ಸಾಲ್ಯಾಗ ಸೀಟು ಮನಿ ಎಲ್ಲಿ ಅದ ಅನ್ನೋದ್ರ ಮ್ಯಾಲೇ ಭಾಳ ನಿಂತದ, ಅದಕ್ಕ ಈಗ ಹಿಡಿಯೋ ಮನೀನೇ ಮುಂದಿನ ಸಾಲಿ ಅಂತ ತಿಳ್ಕೋ. ಹೆಸರಿಗೆ ಗ್ರಾಮರ್ ಸ್ಕೂಲ್ ಅಂದ್ರ ಪರೀಕ್ಷಾ ಬರಸ್ತಾರಂತ ಹೆದರಬ್ಯಾಡ, ನಮ್ಮೂರ ಇಲ್ಕ್ಲಿ ಗ್ರಾಮರ್ ಸ್ಕೂಲ್ ಹೆಸರಷ್ಟೇ ಗ್ರಾಮರ್, ಎಲ್ಲಾ ಮಕ್ಕಳಿಗೂ ತೆರದಿರೋ ಸಾಲಿ. ಸ್ಕಿಪ್ಟನ್‌ದಾಗ ಮಾತ್ರ ಖರೇನೇ ಪರೀಕ್ಷಾ ಬರೆಸೋ ಗ್ರಾಮರ್ ಸಾಲಿ ಅವ.

ಇಲ್ಕ್ಲಿನೂ ವಿಚಾರ ಮಾಡು. ಲೀಡ್ಸಿಗೆ ರೈಲಿನ್ಯಾಗ ಅರ್ಧ ತಾಸು, ಬ್ರಾಡ್‌ಫೋರ್ಡಿಗೂ ಅಷ್ಟೇ, ಎರಡೂ ಕಡಿ ಇದೇ ಕೊನಿ ಸ್ಟೇಷನ್, ಹಿಂಗಾಗಿ ಮುಂಜಾನಿ ಹತ್ತೋವಾಗ ಕೂಡ್ಲಿಕ್ಕ ಜಾಗ ಸಿಗ್ತದ. 1973ರಿಂದ ಇಲ್ಲಿ ಸಾಹಿತ್ಯ ಉತ್ಸವ ನಡೀತದ, ನಾ ವಾಲಂಟಿಯರ್ ಆಗಿ ಹೋಗ್ತೀನಿ, ಊರಿನ ಮಂದಿ ಪರಿಚಯ ಆದದ್ದೇ ಅದ್ರಿಂದ. ಆದ್ರ ಬಾಡಿಗಿ ಜಾಸ್ತಿ ತಂಗಿ, ಸಾಲ್ಟೇರ್, ಶಿಪ್ಲೀಗಿಂತ ಭಾಳ ಜಾಸ್ತಿ, ಒಬ್ರ ಪಗಾರದಾಗ ಕಷ್ಟ. ಮತ್ತ ನಮ್ಮ ಮಂದಿ ಕಡಿಮಿ. ಜೋಳದ ಹಿಟ್ಟು, ತೊಗರಿ ಬ್ಯಾಳಿ ಬೇಕಂದ್ರ ನಾ ಬ್ರಾಡ್‌ಫೋರ್ಡಿಗೇ ಹೋಗ್ತೀನಿ, ಅಲ್ಲಿ ಅಂಗಡಿಯವ್ರ ಜೊತಿ ನಮ್ಮ ಕಲಬುರಗಿ ಉರ್ದೂದಾಗೇ ಮಾತಾಡ್ತೀನಿ, ಅವ್ರಿಗೂ ಖುಷಿ ನನಗೂ ಖುಷಿ.

ಚಳಿಗಿಂತ ಕತ್ತಲಿಗೆ ತಯಾರಾಗಿ ಬಾ. ಡಿಸೆಂಬರ್‌ದಾಗ ಮಧ್ಯಾಹ್ನ ಪೌಣೆ ನಾಕಕ್ಕ ಸೂರ್ಯ ಮುಳುಗ್ತಾನ. ಮೊದಲ ಚಳಿಗಾಲ ನಾ ಭಾಳ ಕುಗ್ಗಿದ್ದೆ, ಸಂಜಿ ಹೊರಗ ಹೋಗ್ಲಿಕ್ಕ ಒಂದು ಹಾಡು, ಒಂದು ಕ್ಲಾಸು ಅಂತ ಇದ್ರಾನೇ ಮನಸ್ಸು ನಿಲ್ತದ, ಅದಕ್ಕೇ ಬಸವಕಲ್ಯಾಣದ ಅಣ್ಣ ರಾತ್ರಿ ರೈಲಿನ ಮಾತು ಹೇಳಿದ್ದು ನೂರಕ್ಕ ನೂರು ಖರೆ. ಜೂನ್‌ದಾಗ ರಾತ್ರಿ ಒಂಬತ್ತೂವರಿಗೂ ಬೆಳಕಿರ್ತದ, ಮಾವನವ್ರನ್ನ ಆಗ ಕರಸು.

ಯಾದಗಿರಿ_ನರ್ಸ್ (ಈಗ ಯಾರ್ಕ್)

ನಾನು ಯಾದಗಿರಿಯವ, ಇಲ್ಲಿ ಆಸ್ಪತ್ರ್ಯಾಗ ನರ್ಸ್. ಯಾರ್ಕ್ ಪರವಾಗಿ ಮಾತಾಡೋರು ಯಾರೂ ಬರ್ಲಿಲ್ಲ ಅದಕ್ಕ ಬರೀಲಿಕತ್ತೀನಿ. ಅಣ್ಣನವ್ರು ಹೇಳಿದ ರೈಲಿನ ಲೆಕ್ಕದಾಗ ನೋಡಿದ್ರ ಯಾರ್ಕೇ ಮೊದಲು ಬರ್ಬೇಕು. ಲೀಡ್ಸಿಗೆ ಅರ್ಧ ತಾಸಿನ ಒಳಗ, ಲಂಡನ್ನಿಗೆ ಎರಡು ತಾಸು, ಎಡಿನ್‌ಬರೋಕ್ಕ ಎರಡೂವರಿ ತಾಸು, ಮ್ಯಾಂಚೆಸ್ಟರ್ ವಿಮಾನ ನಿಲ್ದಾಣಕ್ಕ ಗಾಡಿ ಬದಲಿ ಮಾಡ್ದೆ ನೇರ ಹೋಗ್ತೀರಿ. ನಾ ಊರಿಗೆ ಬರೋದು ಹಂಗೇ, ಮ್ಯಾಂಚೆಸ್ಟರ್, ದುಬೈ, ಹೈದರಾಬಾದ್, ಅಲ್ಲಿಂದ ವಾಡಿ ಮ್ಯಾಲ ಹಾಯ್ದು ರೈಲು.

ಅಕ್ಕಾವ್ರೆ ನೀವು ಹಾಡೋರು ಅಂದ್ರಲ್ಲ, ಯಾರ್ಕ್ ಮಿನ್‌ಸ್ಟರ್ ಅಂತ ದೊಡ್ಡ ಚರ್ಚ್ ಅದ, ಅಲ್ಲಿ ಸಂಜಿ ಪ್ರಾರ್ಥನಾದಾಗ ಕಾಯರ್, ಅಂದ್ರ ಹಾಡೋರ ಗುಂಪು, ಹಾಡ್ತದ, ರೊಕ್ಕ ಕೊಡ್ಬೇಕಿಲ್ಲ, ಯಾವ ಧರ್ಮದವ್ರಾದ್ರೂ ಹೋಗಿ ಕೂಡಬಹುದು. ನನಗ ಸಂಗೀತದ ಗಂಧ ಇಲ್ಲ, ಆದ್ರೂ ರಾತ್ರಿ ಪಾಳಿ ಮುಗಿಸಿ ಮಲಗಿ ಎದ್ದ ದಿನ ಸಂಜಿ ಅಲ್ಲಿ ಹೋಗಿ ಕೂತ್ರ ಬಂದೇ ನವಾಜ್ ದರ್ಗಾದಾಗ ಕವ್ವಾಲಿ ಕೇಳ್ತಾ ಕೂತಂಗ ಮನಸ್ಸು ಹಗುರಾಗ್ತದ. ಹಳೇ ಚರ್ಚ್ ಒಂದ್ರಾಗ ಪ್ರಾಚೀನ ಸಂಗೀತದ ರಾಷ್ಟ್ರೀಯ ಕೇಂದ್ರ ಮಾಡ್ಯಾರ, 1744ರಿಂದ ನಡೆದು ಬಂದ ಥಿಯೇಟರ್ ಅದ. ಊರ ಸುತ್ತ ಕೋಟಿ ಗ್ವಾಡಿ, ಅದ್ರ ಮ್ಯಾಲ ನಡಕೋತ ಹೋಗಬಹುದು, ನಮ್ಮ ಯಾದಗಿರಿ ಕೋಟಿ ಹತ್ತೋ ಕಷ್ಟ ಇಲ್ಲ. ಊರು ಸಪಾಟ, ಮಾವನವ್ರಿಗೆ ಬ್ಯಾನಿ ಆಗಂಗಿಲ್ಲ.

ಬಾಡಿಗಿ ಏರಿರೋದು ಮಾತ್ರ ಒಪ್ಕೋತೀನಿ. ಊಜ್ ಹೊಳಿ ದಂಡಿ ಮನಿಗೂ ನೀರು ಬರ್ತದ, ಅದನ್ನೂ ನೋಡ್ಕೊಂಡೇ ಹಿಡೀರಿ.

ಸುರಪುರದ_ಹುಡುಗ

ನಾ ನ್ಯೂಕಾಸಲ್‌ದಾಗ ಎಂಎಸ್ಸಿ ಮಾಡೀನಿ, ಲೀಡ್ಸಿಗೆ ಒಂದೂವರಿ ತಾಸಾಗ್ತದ, ನಿಮ್ಮ ಲೆಕ್ಕಕ್ಕ ದೂರ. ಆದ್ರ ಮುಂದ ಕೆಲಸ ಬದಲಾದ್ರ ನೆನಪಿಟ್ಕೊಳ್ರಿ, 1980ರಿಂದ ಮೆಟ್ರೋ ಅದ, ವಿಮಾನ ನಿಲ್ದಾಣಕ್ಕೂ ಅದೇ ಮೆಟ್ರೋ ಹೋಗ್ತದ, ಅಲ್ಲಿಂದ ದುಬೈಗೆ ನೇರ ವಿಮಾನ. ಲೀಡ್ಸ್ ಅಷ್ಟು ದೊಡ್ಡ ಸಿಟಿ, ಅಲ್ಲಿ ಮೆಟ್ರೋನೂ ಇಲ್ಲ ಟ್ರಾಮೂ ಇಲ್ಲ, ಬಸ್ಸೇ ಗತಿ. ಅದಕ್ಕ ಲೀಡ್ಸಿನ ಹೊರವಲಯದಾಗ ಇರೋದಕ್ಕಿಂತ ರೈಲು ಇರೋ ಬ್ಯಾರೆ ಊರೇ ಚಲೋ ಅಕ್ಕ.

ಜೋಳದ_ತೆನಿ

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಡಿಮಿ. ಹೆಬ್ಡನ್ ಬ್ರಿಜ್ ಬಿಟ್ಟೆ, ಮನಸ್ಸಿಗೆ ಬ್ಯಾಸರಾತು ಆದ್ರ ಮಾವನವ್ರ ಕಾಲು ದೊಡ್ಡದು. ಯಾರ್ಕ್, ಸಾಲ್ಟೇರ್ ಎರಡು ಉಳದಾವ. ಆದ್ರ ನನ್ನ ಮುಖ್ಯ ಪ್ರಶ್ನಿ ಹಂಗೇ ಉಳೀತು. ಕೇಳ್ಲಿಕ್ಕ ಸಂಗೀತ ಸಿಗ್ತದ, ಅದು ತಿಳೀತು. ನಾ ಹಾಡ್ಲಿಕ್ಕ, ಕಲಿಸ್ಲಿಕ್ಕ, ಮಗಳಿಗೆ ತಬಲಾ ಗುರುಗಳು ಸಿಗ್ಲಿಕ್ಕ ಯಾವ ಊರು? ನಾ 4 ವರ್ಷದಾಕಿ ಇದ್ದಾಗಿಂದ ಮುಂಜಾನಿ ರಿಯಾಜ್ ಬಿಟ್ಟಿಲ್ಲ.

ಬಸವಕಲ್ಯಾಣದವ

ಅಕ್ಕಾವ್ರೆ ಇದನ್ನ ಮೊದಲೇ ಹೇಳ್ಬೇಕಿತ್ತು ನಾನು. ಈ ಪ್ರಶ್ನಿಗೆ ಯಾರ್ಕಿಗಿಂತ ಲೀಡ್ಸ್-ಬ್ರಾಡ್‌ಫೋರ್ಡ್ ಕಡೀನೇ ಮ್ಯಾಲು. ಲೀಡ್ಸ್‌ದಾಗ ಸೌತ್ ಏಷಿಯನ್ ಆರ್ಟ್ಸ್ ಯುಕೆ ಅಂತ ಸಂಸ್ಥೆ ಅದ, ಭಾರತೀಯ ಶಾಸ್ತ್ರೀಯ ಸಂಗೀತ, ನೃತ್ಯ ಕಲಿಸ್ತಾರ, ಕಛೇರಿನೂ ಮಾಡಿಸ್ತಾರ. ಬ್ರಾಡ್‌ಫೋರ್ಡ್‌ದಾಗ ಕಲಾ ಸಂಗಮ್ ಅಂತ ದಕ್ಷಿಣ ಏಷ್ಯಾ ಕಲೆಗಳ ಸಂಸ್ಥೆ 1993ರಾಗ ಶುರುವಾತು, ಈಗ ಅದಕ್ಕ ಬ್ರಾಡ್‌ಫೋರ್ಡ್ ಆರ್ಟ್ಸ್ ಸೆಂಟರ್ ಅಂತಾರ. ಆ ಊರು 2025ಕ್ಕ ಯುಕೆ ಸಂಸ್ಕೃತಿ ನಗರ ಆಗಿತ್ತು. ಸೇಂಟ್ ಜಾರ್ಜಸ್ ಹಾಲ್ 1853ರದ್ದು, ಮ್ಯಾಂಚೆಸ್ಟರಿನ ಹಾಲ್ಲೆ ಆರ್ಕೆಸ್ಟ್ರಾ ಅಲ್ಲಿ ಬಂದು ನುಡಸ್ತದ, ಆಲ್ಹಾಂಬ್ರಾ ಥಿಯೇಟರ್‌ದಾಗ ನಾಟ್ಕ. ಲೀಡ್ಸ್‌ದಾಗ ಆಪೆರಾ ನಾರ್ತ್ ಅನ್ನೋ ಸಂಗೀತ ನಾಟ್ಕದ ಕಂಪನಿ ಅದ. ಸಾಲ್ಟೇರ್‌ನಾಗ ಕೂತ್ರ ಈ ಎರಡೂ ಊರು ನಿಮಗ ಎಡಗೈ ಬಲಗೈ ಇದ್ದಂಗ. ಶಿಪ್ಲೀ ಸ್ಟೇಷನ್ನಿಗೆ ಮೂರು ದಿಕ್ಕಿನ ಗಾಡಿ ಬರ್ತಾವ, ಸಾಲ್ಟೇರಿನ ರೈಲು ತಪ್ಪಿದ್ರ ಶಿಪ್ಲೀಯಾಗ ಇಳದು ನಡಕೋತ ಬರಬಹುದು.

ಈಗ ರಿಯಾಜ್ ಮಾತು. ಸಾಲ್ಟೇರಿನ ಮನಿಗಳು ಸಾಲು ಮನಿ, ಒಂದೇ ಗ್ವಾಡಿ ಎರಡು ಮನಿಗೆ. ತಂಬೂರಿ ನಡೀತದ, ಮುಂಜಾನಿ ಐದಕ್ಕ ತಾರ ಸಪ್ತಕ ಮತ್ತ ತಬಲಾ ನಡಿಯಂಗಿಲ್ಲ, ಪಕ್ಕದವ್ರು ಕೌನ್ಸಿಲಿಗೆ, ಅಂದ್ರ ಊರಿನ ಆಡಳಿತಕ್ಕ, ದೂರು ಕೊಡಬಹುದು. ಹೋದ ದಿನಾನೇ ಎರಡೂ ಕಡಿ ಮನಿಗೆ ಹೋಗಿ ಪರಿಚಯ ಮಾಡ್ಕೊಂಡು ಯಾವ ಹೊತ್ತಿಗೆ ಹಾಡಿದ್ರ ತ್ರಾಸಿಲ್ಲ ಅಂತ ಕೇಳ್ರಿ, ಇಲ್ಲಿ ಮಂದಿ ಮೊದಲೇ ಕೇಳಿದ್ರ ಭಾಳ ಒಪ್ಕೋತಾರ. ಸಾಲಿನ ಕೊನಿ ಮನಿ ಸಿಕ್ರ ಒಂದೇ ಗ್ವಾಡಿ ಚಿಂತಿ. ಪಾಠಕ್ಕ ಚರ್ಚ್ ಹಾಲ್, ಸಮುದಾಯ ಭವನ ತಾಸಿನ ಲೆಕ್ಕದಾಗ ಬಾಡಿಗಿಗೆ ಸಿಗ್ತಾವ. ಇನ್ನೊಂದು, ಪರಂಪರೆ ಊರಂತ ಆ ಮನಿಗಳ ಕಿಟಕಿ ಬಾಗ್ಲಾ ಮಾಲೀಕರೂ ಮನಸ್ಸಿಗೆ ಬಂದಂಗ ಬದಲಿ ಮಾಡಂಗಿಲ್ಲ, ಚಳಿಗಾಲದಾಗ ಗಾಳಿ ಹೊಗ್ತದ, ಹಸಿ ಗ್ವಾಡಿ ವಾಸನಿ ನೋಡ್ಕೊಳ್ರಿ. ಶಿಪ್ಲೀ ಮನಿಗಳಿಗೆ ಆ ನಿಯಮ ಇಲ್ಲ, ಬಾಡಿಗಿನೂ ಕಡಿಮಿ. ಡಿಪಾಸಿಟ್ ಐದು ವಾರದ ಬಾಡಿಗಿಗಿಂತ ಜಾಸ್ತಿ ಕೇಳಿದ್ರ ಕೊಡಬ್ಯಾಡ್ರಿ, ಹಂಗ ಕೇಳ್ಲಿಕ್ಕ ಕಾನೂನಿನ್ಯಾಗ ಅವಕಾಶ ಇಲ್ಲ. ಕೌನ್ಸಿಲ್ ಟ್ಯಾಕ್ಸ್ ಬ್ಯಾರೆ ಇರ್ತದ, ಅದನ್ನ ಬಾಡಿಗಿ ಜೊತಿ ಕೂಡ್ಸಿ ಲೆಕ್ಕ ಹಾಕ್ರಿ.

ಮಾವನವ್ರಿಗೆ ಕಾಲುವಿ ದಂಡಿ ಸಪಾಟ ದಾರಿ ಅದ, ಅಪ್ಪನ ಕೆರಿ ಸುತ್ತ ತಿರಿಗ್ಯಾಡಿದಂಗ ತಿರಿಗ್ಯಾಡಬಹುದು. ಆದ್ರ ಮನಿ ಒಳಗಿನ ಮೆಟ್ಟಿಲು ಭಾಳ ಕಡಿದಾಗಿರ್ತಾವ, ಅದಕ್ಕ ಕೆಳಗ ಒಂದು ಬಚ್ಚಲ ಇರೋ ಮನಿ ಹುಡುಕ್ರಿ.

ಇಲ್ಕ್ಲಿಯಲ್ಲಿ_ಕಲಬುರಗಿ_ಅಕ್ಕ

ತಂಗಿ, ಕಲಿಸ್ಲಿಕ್ಕ ಶುರು ಮಾಡಿದ್ರ ನನ್ನ ಮಗನ್ನ ಮೊದಲ ಬರಕೋ. ಶಿಪ್ಲೀಗೆ ಇಲ್ಲಿಂದ ನೇರ ಗಾಡಿ ಅದ, ಶನಿವಾರ ನಾನೇ ಕರಕೊಂಡು ಬರ್ತೀನಿ. ವಚನ ಹಾಡ್ಲಿಕ್ಕ ಕಲಸ್ತೀಯಲ್ಲ? ಇಲ್ಲೇ ಹುಟ್ಟಿದವ, ಕನ್ನಡ ತಿಳೀತದ ಮಾತಾಡಂಗಿಲ್ಲ.

ಜೋಳದ_ತೆನಿ

ಅಕ್ಕಾ, ವಚನದಿಂದಾನೇ ಶುರು ಮಾಡ್ತೀನಿ. ನಿಮ್ಮ ಮಾತು ಓದಿ ಕಣ್ಣಾಗ ನೀರು ಬಂತು, ಹೋಗೋ ಮೊದಲೇ ಒಬ್ಬ ಶಿಷ್ಯ ಸಿಕ್ಕ.

ನಮ್ಮನಿಯವ್ರು ಮೊದಲ ಒಬ್ರೇ ಹೊಂಟಾರ, ನಾವು ಮಗಳ ಪರೀಕ್ಷಾ ಮುಗಿಸಿ ಹಿಂದ. ಅವ್ರಿಗೆ ಹೇಳೀನಿ, ಲೀಡ್ಸ್‌ದಾಗ ಒಂದು ರಾತ್ರಿ ಕಛೇರಿ ಕಡೀತನಕ ಕೂತು ಕೇಳ್ರಿ, ಮುಗಿದ ಮ್ಯಾಲ ಸ್ಟೇಷನ್ನಿಗೆ ನಡಕೋತ ಹೋಗಿ ಶಿಪ್ಲೀ ಗಾಡಿ ಹತ್ರಿ, ಇಳದು ಮನಿ ನೋಡೋ ಓಣಿತನಕ ಹೋಗಿ ಅಲ್ಲಿಂದ ನನಗ ಫೋನ್ ಹಚ್ರಿ ಅಂತ. ಇಲ್ಲಿ ಆಗ ನಸುಕಿನ ಹೊತ್ತು, ನಾ ಹೆಂಗೂ ರಿಯಾಜಿಗೆ ಎದ್ದಿರ್ತೀನಿ.