ಅಪ್‌ಡೇಟ್: ಅಮ್ಮನ ಸೋಬಾನೆ ಹಾಡಿಗೆ ಯಾವ ಮೈಕ್?

ಅಮ್ಮನ ಸೋಬಾನೆ ಹಾಡುಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಲು ಕಂಡೆನ್ಸರ್ ಮೈಕ್ (ಸಣ್ಣ ಸದ್ದನ್ನೂ ಹಿಡಿಯುವಂಥದ್ದು) ಒಳ್ಳೆಯದಾ, ಡೈನಾಮಿಕ್ (ಹತ್ತಿರದ ಸದ್ದನ್ನೇ ಹೆಚ್ಚಾಗಿ ಹಿಡಿಯುವಂಥದ್ದು) ಒಳ್ಳೆಯದಾ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಗೆಳೆಯನಿಂದ ಎರಡನ್ನೂ ತಂದು ನೋಡಿದೆ.

ಕಂಡೆನ್ಸರ್‌ಗೆ ಇಂಟರ್‌ಫೇಸ್‌ನಲ್ಲಿ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಕೇಬಲ್ ಮೂಲಕವೇ ಮೈಕ್‌ಗೆ ಹೋಗುವ ವಿದ್ಯುತ್, ಆನ್ ಮಾಡಬೇಕು. ದನಿ ತುಂಬಾ ಸ್ಪಷ್ಟ. ಆದರೆ ಪಕ್ಕದ ಮನೆಯ ಕುಕ್ಕರ್ ವಿಷಲ್, ರಸ್ತೆಯ ಹಾರ್ನ್ ಕೂಡ ಅಷ್ಟೇ ಸ್ಪಷ್ಟ! ನಮ್ಮಂಥ ಬರಿಗೋಡೆಯ ಕೋಣೆಗೆ ಡೈನಾಮಿಕ್ಕೇ ಸರಿ. ಅಮ್ಮನ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಟ್ಟೆ. ಈಗ 'ಪ', 'ಬ' ಬಂದಾಗ ಗಾಳಿ ಬಡಿದ ಶಬ್ದ ಇಲ್ಲ. ಇದು ಕಾರ್ಡಿಯಾಯ್ಡ್ ಮೈಕ್, ಅಂದರೆ ಮುಂದಿನ ಸದ್ದನ್ನು ಹೆಚ್ಚು, ಹಿಂದಿನ ಸದ್ದನ್ನು ಕಡಿಮೆ ಹಿಡಿಯುತ್ತದೆ ಅಲ್ವಾ, ಹಾಗಾಗಿ ಅದರ ಬೆನ್ನನ್ನು ಕಿಟಕಿಯ ಕಡೆ ತಿರುಗಿಸಿದೆ.

ಗೇನ್ (ಮೈಕ್‌ನ ಸದ್ದನ್ನು ಎಷ್ಟು ಏರಿಸಬೇಕು ಎಂಬ ಹೊಂದಿಕೆ) ಬಗ್ಗೆ ನೀವು ಹೇಳಿದ್ದು ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಎಷ್ಟೇ ಜೋರಾಗಿ ಹಾಡಿದರೂ ಮೀಟರ್ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಇಟ್ಟು, 24 ಬಿಟ್‌ನಲ್ಲಿ (ಮೆಲ್ಲನೆಯ ದನಿಯೂ ಚೆನ್ನಾಗಿ ಉಳಿಯುವ ಸೆಟ್ಟಿಂಗ್) ರೆಕಾರ್ಡ್ ಮಾಡಿದೆ. ಮೀಟರ್ ತನ್ನ ತುದಿಯಾದ ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಆಮೇಲೆ ಸರಿಮಾಡುವುದು ಕಷ್ಟ.

ಹೆಡ್‌ಫೋನ್‌ನಲ್ಲಿ ದನಿ ತಡವಾಗಿ ಕೇಳುತ್ತಿತ್ತು. ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಗುಂಡಿ (ದನಿ ಕಂಪ್ಯೂಟರ್‌ಗೆ ಹೋಗಿ ಬರದೆ ನೇರವಾಗಿ ಕೇಳಿಸುತ್ತದೆ) ಒತ್ತಿದೆ, ಸರಿಹೋಯಿತು. ಅಮ್ಮ ಮಾತ್ರ ಒಂದು ಕಿವಿ ಬಿಟ್ಟುಕೊಂಡೇ ಹಾಡುತ್ತಾರೆ. ಹಸೆ ಹಾಡುಗಳು ಮುಗಿದಿವೆ, ಬೀಸುವ ಪದಗಳು ಬಾಕಿ ಇವೆ.