ತಂಗಿಗೆ ಬಿಎಸ್ಸಿ ಅಗ್ರಿ ಓದಿಸ್ಬೋದಾ, ಇಲ್ಲ ಬಯೋಟೆಕ್ ವಾಸಿನಾ?

ಶಿರಾ ಅಣ್ಣ:
ನಮ್ದು ಶಿರಾ ಹತ್ರ ಹಳ್ಳಿ, ನಾಲ್ಕೆಕ್ರೆ, ಕಡ್ಲೆಕಾಯಿ ಸ್ವಲ್ಪ ರಾಗಿ. ತಂಗಿ ಫಸ್ಟ್ ಪಿಯು ಪಿಸಿಎಂಬಿ ಮುಗಿಸವ್ಳೆ, ಬಿಎಸ್ಸಿ ಅಗ್ರಿನೇ ಬೇಕು ಅಂತ ಹಠ. ಅಪ್ಪ "ಹೊಲ ಗೇಯಾಕೆ ನಾನ್ಯಾವ ಡಿಗ್ರಿ ಓದಿದ್ದೆ, ಅದ್ಕೆ ನಾಲ್ಕು ವರ್ಷ ಬೇರೆ ಬೇಕಾ" ಅಂತಾರೆ. ಬಯೋಟೆಕ್ ಬಿಎಸ್ಸಿ ಆದ್ರೆ ಮೂರೇ ವರ್ಷ, ಊರ ಹತ್ರಾನೇ ಕಾಲೇಜು. ಓದಿರೋರು ಹೇಳಿ, ಅಲ್ಲಿ ನಿಜ್ವಾಗ್ಲೂ ಏನ್ ಕಲಿಸ್ತಾರೆ?

ಜಿಕೆವಿಕೆ ಹಳೇ ಸ್ಟೂಡೆಂಟ್:
ನಾನು ಓದಿದ್ದು ಬೆಂಗಳೂರು ಕೃಷಿ ವಿವಿ ಜಿಕೆವಿಕೆಲಿ. ನಿಮ್ಮ ಹೊಲದ್ದೇ ಉದಾಹರಣೆ ಕೊಡ್ತೀನಿ. ಕಡ್ಲೆಕಾಯಿ ಗಿಡ ಹಳದಿ ಆದ್ರೆ ಎಲ್ರೂ ಯೂರಿಯಾ ಎರಚ್ತಾರೆ, ನಮ್ಮನೇಲೂ ಹಂಗೇ ಮಾಡ್ತಿದ್ರು. ಯೂರಿಯಾ ಕೊಡೋ ಸಾರಜನಕ ಕಮ್ಮಿ ಇದ್ರೆ ಮೊದ್ಲು ಕೆಳಗಿನ ಹಳೇ ಎಲೆ ಹಳದಿ ಆಗುತ್ತೆ, ಅದೇ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ರೆ ಕಬ್ಬಿಣದ ಕೊರತೆ, ಸುಣ್ಣದಂಶ ಜಾಸ್ತಿ ಇರೋ ಮಣ್ಣಲ್ಲಿ ಕಬ್ಬಿಣ ಇದ್ರೂ ಬೇರಿಗೆ ಸಿಗಲ್ಲ. ಅದಕ್ಕೆ ಯೂರಿಯಾ ಹಾಕಿದ್ರೆ ದುಡ್ಡು ದಂಡ. ಮಣ್ಣು, ಕೀಟ, ರೋಗ, ತಳಿ ಎಲ್ಲಾ ಹಿಂಗೇ "ಯಾಕೆ" ಅಂತ ಕಲಿಸ್ತಾರೆ, ಜೊತೆಗೆ ನಿಮ್ಮ ಪ್ಲಾಟ್‌ನಲ್ಲಿ ನೀವೇ ಬಿತ್ತಿ ಕಳೆ ಕಿತ್ತು ಕೊಯ್ಯಬೇಕು. ಬಯೋಟೆಕ್ ಕೆಟ್ಟದ್ದಲ್ಲ, ಆದ್ರೆ ಆಮೇಲೆ ಎಂಎಸ್ಸಿ ಮಾಡ್ದೇ ಕೆಲಸ ಕಷ್ಟ. ಅಗ್ರಿ ಮುಗಿಸಿದ್ರೆ ಕೆಪಿಎಸ್‌ಸಿ ಮೂಲಕ ಕೃಷಿ ಅಧಿಕಾರಿ, ಬ್ಯಾಂಕಲ್ಲಿ ಅಗ್ರಿ ಫೀಲ್ಡ್ ಆಫೀಸರ್ ಪರೀಕ್ಷೆ ಬರೀಬೋದು, ಮೂರು ವರ್ಷದ ಬಯೋಟೆಕ್ ಡಿಗ್ರಿಗೆ ಅವಕ್ಕೆ ಅವಕಾಶ ಇಲ್ಲ.

ಧಾರವಾಡದ ಅಕ್ಕ:
ತಮ್ಮಾ, ತಂಗೀನ ಕಳಸು. ನಾನು ಧಾರವಾಡದಾಗ ಓದೀನಿ, ಕಡೀ ವರ್ಷ ರಾವೆ ಅಂತ ಹಳ್ಳಿಗೆ ಕಳಸ್ತಾರ, ಅಲ್ಲೇ ಇದ್ದು ರೈತರ ಜೋಡಿ ಕೆಲಸ ಮಾಡಬೇಕು. ಅವರ ಮುಂದ ಬೀಜೋಪಚಾರ, ಅಂದ್ರ ಬಿತ್ತೋಕಿಂತ ಮೊದಲ ಬೀಜಕ್ಕ ಔಷಧಿ ಹಚ್ಚೋದು, ಮಾಡಿ ತೋರಸೋ ಮುಂದ ಕೈ ನಡುಗಿದ್ವು, ಒಬ್ಬ ಅಜ್ಜಾರು ಕೇಳಿದ ಪ್ರಶ್ನಿಗೆ ಉತ್ತರಾನ ಬರಲಿಲ್ಲ ನನಗ, ರಾತ್ರಿ ಪುಸ್ತಕ ತಗದು ಓದಿ ಮರುದಿನ ಹೋಗಿ ಹೇಳಿದೆ. ನಾಲ್ಕು ವರ್ಷದಾಗ ಅಷ್ಟು ಮನಸಿಟ್ಟು ಮತ್ಯಾವಾಗೂ ಓದಿಲ್ಲ.

ಮಂಡ್ಯ ಹುಡ್ಗ:
ಸಿಇಟಿ ಅರ್ಜೀಲಿ ಕೃಷಿಕರ ಕೋಟಾ ಕ್ಲೇಮ್ ಮಾಡೋದು ಮರೀಬೇಡಿ. ಅದಕ್ಕೆ ಬೇರೆ ಪ್ರಾಕ್ಟಿಕಲ್ ಟೆಸ್ಟ್ ಇರುತ್ತೆ, ಬೀಜ ಗೊಬ್ಬರ ಕಳೆ ಗುರುತಿಸೋದು, ಹೊಲದಲ್ಲಿ ಬೆಳ್ದೋರಿಗೆ ಸುಲಭ. ಕೋಟಾಗೆ ಬೇಕಾದ ತಾಲ್ಲೂಕಾಫೀಸ್ ಸರ್ಟಿಫಿಕೇಟ್ ಈಗ್ಲೇ ಮಾಡಿಸಿಟ್ಕೊಳಿ, ನಾನು ಕೊನೇ ವಾರ ಓಡಾಡಿ ಸಾಕಾಗೋಯ್ತು.

ಶಿರಾ ಅಣ್ಣ:
ಎಲ್ರಿಗೂ ಥ್ಯಾಂಕ್ಸ್. ಅಪ್ಪಂಗೆ ಓದಿ ಹೇಳ್ದೆ. ಏನೂ ಮಾತಾಡ್ದೆ ಹೊಲಕ್ಕೋಗಿ ನಾಲ್ಕು ಗಿಡ ಕಿತ್ಕೊಂಡ್ ಬಂದವ್ರೆ, ಚಿಗುರೇ ಹಳದಿ, ನರ ಹಸಿರು. ಏನ್ ಹೊಡೀಬೇಕು ಕೇಳು ಅಂತವ್ರೆ.

ಜಿಕೆವಿಕೆ ಹಳೇ ಸ್ಟೂಡೆಂಟ್:
ಕಬ್ಬಿಣದಂಶ ಇರೋ ಫೆರಸ್ ಸಲ್ಫೇಟ್, ಲೀಟರ್ ನೀರಿಗೆ 5 ಗ್ರಾಂ, ಸಂಜೆ ಹೊತ್ತು ಎಲೆ ಮೇಲೆ ಸ್ಪ್ರೇ. 10-15 ದಿನ ಬಿಟ್ಟು ಇನ್ನೊಂದ್ಸಲ. ಮಣ್ಣು ಪರೀಕ್ಷೆನೂ ಮಾಡಿಸಿ, ಸ್ಯಾಂಪಲ್ ತಂಗಿ ಕೈಲೇ ತೆಗೆಸಿ.